ಮೇಸ್ತ್ರಿಯ ಡಬ್ಬ ಎಲ್ಲಿತ್ತು?

ನಮ್ಮ ಮನೆಯಲ್ಲಿ ಭಾನುವಾರದ ತಿಂಡಿ ಬಹುಮತದಿಂದ ತೀರ್ಮಾನವಾಗುತ್ತದೆ. ಅಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಚುನಾವಣಾಧಿಕಾರಿಯ ಗಾಂಭೀರ್ಯದಿಂದ, "ಕಡುಬೋ, ರೊಟ್ಟಿಯೋ?" ಎಂದು ಕೇಳುತ್ತಾಳೆ. ನಾನು ಕಡುಬಿನ ಪಕ್ಷ. ನನ್ನ ತಮ್ಮ ಹುಟ್ಟಾ ರೊಟ್ಟಿಯವನು. ತಂಗಿ ಯಾವ ಪಕ್ಷಕ್ಕೂ ಸೇರಿದವಳಲ್ಲ. ಆ ದಿನ ಅವಳನ್ನು ಯಾರು ಹೆಚ್ಚು ಓಲೈಸುತ್ತಾರೋ ಅವರ ಕಡೆಗೆ ವಾಲುವವಳು. ಫಲಿತಾಂಶ ಏನೇ ಬರಲಿ, ಅಕ್ಕಿ ಅದೇ, ಒಲೆ ಅದೇ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ಕುಡಿಯುವವಳೂ ಅದೇ ನನ್ನ ಹೆಂಡತಿ. ಕಳೆದ ವಾರ ಮತ ಎಣಿಕೆ ಮುಗಿದು ರೊಟ್ಟಿ ಗೆದ್ದಿತೆಂದು ಘೋಷಣೆಯಾಗುವ ಹೊತ್ತಿಗೆ ಅವಳು ಊದುಕೊಳವೆಯನ್ನು ಬಾಯಿಂದ ತೆಗೆದು, "ಒಲೆ ಹಚ್ಚೋದು ಯಾರು ಅಂತ್ಲೂ ಒಂದ್ಸಲ ಓಟಿಗೆ ಹಾಕನ" ಎಂದಳು. ತಮ್ಮನಿಗೆ ಆ ಗಳಿಗೆಯಲ್ಲೇ ಸಿದ್ದಾಪುರದಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ನಾನು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡೆ. ಅಮ್ಮ ಮಾತ್ರ, ಅನುಭವಸ್ಥ ಆಡಳಿತಗಾರ್ತಿಯಾದ್ದರಿಂದ, ಅದು ಈ ಸಭೆಯ ವ್ಯಾಪ್ತಿಗೆ ಬರುವ ವಿಷಯವಲ್ಲವೆಂದು ತೀರ್ಪು ಕೊಟ್ಟು ಹಿತ್ತಿಲಿಗೆ ಹೋದಳು.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲೂ ಇಂಥದೊಂದು ಶಾಸನಸಭೆ ಇದ್ದೀತು. ಪ್ರಜಾಪ್ರಭುತ್ವದ ವಿಷಯದಲ್ಲಿ ನನಗಿರುವ ತಕರಾರೂ ಇಷ್ಟೇ. ಕಡುಬೋ ರೊಟ್ಟಿಯೋ ಎಂದು ಕೇಳುವ ಸೌಜನ್ಯ ಅದಕ್ಕಿದೆ. ಒಲೆಯ ಮಾತೆತ್ತಿದರೆ ಮಾತ್ರ ಅದಕ್ಕೆ ಕಿವಿ ಮಂದವಾಗುತ್ತದೆ. ಈ ತಕರಾರು ನನ್ನ ತಲೆಗೆ ಹೊಳೆದದ್ದಲ್ಲ. ಹೊಳೆದಿದ್ದರೆ ಇಷ್ಟರಲ್ಲಿ ನಾಲ್ಕು ಊರಿಗೆ ಡಂಗುರ ಹೊಡೆಸಿರುತ್ತಿದ್ದೆ. ನಮ್ಮ ತೋಟದ ಆಳುಗಳ ಸಾಲುಮನೆಯಾದ ಲೈನಿನಲ್ಲಿ, ಹಲಸಿನ ಮರದ ಪಕ್ಕದ ಕೊನೆಯ ರೂಮಿನಲ್ಲಿರುವ ಚೌಡಮ್ಮ ಎಂಬ ಹೆಂಗಸು, ಮೊದಲನೆಯ ಮಹಾ ಚುನಾವಣೆಯ ದಿನ ನಡುರಸ್ತೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಯಿಂದ ಹುಟ್ಟಿದ್ದು ಅದು.

ನಾನು ಇದನ್ನು ಬರೆಯುತ್ತಿರುವಾಗ ನಮ್ಮ ಪುಟ್ಟ ಕೊಡಗು ರಾಜ್ಯ ಗಂಟುಮೂಟೆ ಕಟ್ಟುತ್ತಿದೆ. ಇನ್ನು ಕೆಲವೇ ತಿಂಗಳಲ್ಲಿ ನಾವು ಮೈಸೂರಿನವರಾಗುತ್ತೇವಂತೆ. ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಸಿದ್ದಾಪುರದ ಹೋಟೆಲುಗಳಲ್ಲಿ ಚಹಾ ಆರುವವರೆಗೂ ಚರ್ಚಿಸುವವರಿದ್ದಾರೆ, ಅವರಿಗೆ ಬಿಡೋಣ. ನನಗೆ ಈ ರಾಜ್ಯದ ಮೇಲೆ ಒಂದು ಬಗೆಯ ಮಮತೆ ಇದೆ. ಬೆಳಿಗ್ಗೆ ಮಡಿಕೇರಿಯಿಂದ ಹೊರಟ ಮಂತ್ರಿ ರಾಜ್ಯದ ಯಾವ ಮೂಲೆಯಲ್ಲಿ ಭಾಷಣ ಮಾಡಿದರೂ ಸಂಜೆಯ ಕಾಫಿಗೆ ಮನೆ ಸೇರಬಹುದಾದಷ್ಟು ಅಚ್ಚುಕಟ್ಟಾದ ರಾಜ್ಯ ಇದು. ಆಳುವವರೂ ಆಳಿಸಿಕೊಳ್ಳುವವರೂ ಇಷ್ಟು ಹತ್ತಿರವಿದ್ದ ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬೇಕಲ್ಲವೇ? ಕೇಳಿಸುತ್ತಿರಲಿಲ್ಲ. ದೂರವನ್ನು ಮೈಲಿಯಲ್ಲಿ ಅಳೆಯುವುದು ರಸ್ತೆ ಇಲಾಖೆಯವರ ಅಭ್ಯಾಸ, ಅಷ್ಟೆ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾವು ಶನಿವಾರಸಂತೆ ಕಡೆಯವರು. ಸಿದ್ದಾಪುರದ ಬಳಿಯ ಒಂದು ಕಾಫಿ ತೋಟದಲ್ಲಿ ನಾನು ರೈಟರು. ಹೆಣ್ಣು ಕೊಟ್ಟ ನನ್ನ ಮಾವ ಬಹುಕಾಲ ಅಳಿಯ ಸಾಹಿತಿಯೆಂದೇ ತಿಳಿದು ಹೆಮ್ಮೆಪಡುತ್ತಿದ್ದರು. ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹಾಜರಿ ಕರೆಯುವುದು, ಸಂಜೆ ಕಣದಲ್ಲಿ ಅವರು ಕಿತ್ತು ತಂದ ಹಣ್ಣು ಅಳೆಸುವುದು, ನಡುವೆ ಸಾಹುಕಾರರ ಮುಂದೆ ಟೊಪ್ಪಿ ತೆಗೆಯುವುದು, ಇದು ನನ್ನ ಸಾಹಿತ್ಯಕೃಷಿ. ಇದರ ಜೊತೆಗೆ ಆ ಕಾಲದಲ್ಲಿ ನನಗೊಂದು ಗುಪ್ತರೋಗವಿತ್ತು. ವಿರಾಜಪೇಟೆಗೆ ಹೋದಾಗಲೆಲ್ಲ ಕೆಂಪು ರಟ್ಟಿನ ಕಿರುಹೊತ್ತಗೆಗಳನ್ನು ಕೊಂಡು ತಂದು, ಹಾಸಿಗೆಯ ಕೆಳಗಿಟ್ಟು ಓದುತ್ತಿದ್ದೆ. ಅವುಗಳ ಪ್ರಕಾರ ಚುನಾವಣೆಯೆಂದರೆ ಅಳುವ ಬಡವನ ಕೈಗೆ ಕೊಡುವ ಗಿಲಕಿ. ಅದನ್ನು ನಾನು ಪೂರ್ತಿಯಾಗಿ ನಂಬಿದ್ದೆ. ನಂಬಿ, ಕ್ರಾಂತಿ ಬರುವವರೆಗೆ ರೈಟರಿಕೆ ಮಾಡಿಕೊಂಡಿರೋಣವೆಂದು ತೀರ್ಮಾನಿಸಿದ್ದೆ.

ಚುನಾವಣೆ ಬಂದದ್ದು ಕಾಫಿ ಪಿಕ್ಕಿಂಗಿನ ನಡುವೆ. ಗಿಡಗಳಲ್ಲಿ ಹಣ್ಣು ಕೆಂಪಾಗಿ ಬಿರಿದು, ಒಂದು ದಿನ ತಡಮಾಡಿದರೂ ನೆಲಕ್ಕುದುರುವ ಸಮಯ. ಇಂಥ ವೇಳೆಯಲ್ಲಿ ಆಳುಗಳಿಗೆ ಒಂದು ದಿನದ ಬಿಡುವು ಕೊಡುವುದೆಂದರೆ ನಮ್ಮ ಸಾಹುಕಾರರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಆದರೆ ಉಮೇದುವಾರರಲ್ಲಿ ಒಬ್ಬರು ಅವರ ಭಾವ. ಅವರ ಗುರುತು ಏಣಿ ಎಂದಿಟ್ಟುಕೊಳ್ಳಿ, ಎದುರಾಳಿಯದು ತಕ್ಕಡಿ ಎಂದಿಟ್ಟುಕೊಳ್ಳಿ. ನಿಜವಾದ ಗುರುತುಗಳನ್ನು ಹೇಳಿದರೆ ಇವತ್ತಿಗೂ ನನ್ನ ಸಂಬಳಕ್ಕೆ ಕ್ಷೇಮವಲ್ಲ. ಆದ್ದರಿಂದ ಸಾಹುಕಾರರು ಒಂದು ಸಂಜೆ ಕಣದಲ್ಲಿ ಎಲ್ಲರನ್ನೂ ಕೂಡಿಸಿ, ಕಾಫಿ ಅಳೆಯುವ ಪೆಟ್ಟಿಗೆಯನ್ನು ಬೋರಲು ಹಾಕಿಸಿ, ಅದರ ಮೇಲೆ ನಿಂತು ಭಾಷಣ ಮಾಡಿದರು. ಅಷ್ಟು ಒಳ್ಳೆಯ ಭಾಷಣವನ್ನು ನನ್ನ ಕೆಂಪು ಹೊತ್ತಗೆಗಳಲ್ಲೂ ನಾನು ಓದಿರಲಿಲ್ಲ. ರಾಜರ ಕಾಲ ಹೋಯಿತು, ಬಿಳಿಯರ ಕಾಲವೂ ಹೋಯಿತು; ಇನ್ನು ಮೇಲೆ ನಿಮ್ಮ ಮೇಲೆ ಅಧಿಕಾರ ಮಾಡುವವರನ್ನು ನೀವೇ ಆರಿಸುತ್ತೀರಿ; ನಿಮಗೆ ಬೇಡವಾದವನು ನಿಮ್ಮ ಮೇಲೆ ಕೂರುವ ಹಾಗೇ ಇಲ್ಲ ಎಂದು ಅವರು ಎದೆ ತಟ್ಟಿ ಹೇಳಿದರು. ಕೊನೆಯಲ್ಲಿ ಏಣಿಯ ವಿಷಯವನ್ನೂ ಸೇರಿಸಿದರು. ಲೈನಿನಲ್ಲಿ ತಮಿಳಿನವರೂ ಬಹಳ ಜನ ಇದ್ದುದರಿಂದ ಭಾಷಣವನ್ನು ತಮಿಳಿಗೆ ತಿರುಗಿಸುವ ಕೆಲಸ ಮುತ್ತುವಿನ ಪಾಲಿಗೆ ಬಂತು. ಅವನು ಕೈಕಾಲು ಕುಣಿಸಿ, ಸಾಹುಕಾರರಿಗಿಂತ ಗಟ್ಟಿ ದನಿಯಲ್ಲಿ, ಬೇಡವಾದವನು ನಿಮ್ಮ ಮೇಲೆ ಕೂರುವ ಹಾಗಿಲ್ಲ ಎಂದು ಎರಡೆರಡು ಸಲ ಕೂಗಿದ.

ಈ ಮುತ್ತು ಯಾರೆಂದು ನೀವು ತಿಳಿಯಬೇಕು. ನಮ್ಮ ತೋಟದ ಹಳೆಯ ಮೇಸ್ತ್ರಿ ಕಣ್ಣು ಮಂಜಾಗಿ ಊರಿಗೆ ಹೋದ ಮೇಲೆ ಆ ಜಾಗದಲ್ಲಿ ತಾತ್ಕಾಲಿಕವಾಗಿ ನಿಂತವನು ಅವನ ಅಕ್ಕನ ಮಗನಾದ ಮುತ್ತು. ಪಿಕ್ಕಿಂಗ್ ಮುಗಿದ ಮೇಲೆ ಅವನನ್ನೇ ಖಾಯಂ ಮಾಡುವುದೆಂದು ಸಾಹುಕಾರರು ಹೆಚ್ಚುಕಡಿಮೆ ನಿಶ್ಚಯಿಸಿದ್ದರು. ಮೇಸ್ತ್ರಿಯೆಂದರೆ ಏನೆಂದು ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ಹಣ್ಣು ಜಗ್ಗಿದ ಸಾಲು ಯಾರಿಗೆ, ಜಿಗಣೆಯ ಇಳಿಜಾರು ಯಾರಿಗೆ ಎಂದು ಹಂಚುವವನು ಅವನು. ಲೈನಿನ ಯಾವ ರೂಮಿನಲ್ಲಿ ಯಾರಿರಬೇಕು, ಯಾರು ಬಿಡಬೇಕು ಎಂದು ಹೇಳುವವನೂ ಅವನೇ. ಮಡಿಕೇರಿಯ ಸರಕಾರ ಬಿದ್ದರೂ ಎದ್ದರೂ ಲೈನಿನವರ ಅನ್ನಕ್ಕೆ ಉಪ್ಪು ಹೆಚ್ಚುಕಡಿಮೆಯಾಗುವುದಿಲ್ಲ. ಮೇಸ್ತ್ರಿಯ ಮುಖ ಗಂಟಾದರೆ ಆಗುತ್ತದೆ.

ಚೌಡಮ್ಮನ ಕಡೆಗೆ ಆ ಮುಖ ಆಗಲೇ ಗಂಟಾಗಿತ್ತು. ಆಕೆ ಪಿರಿಯಾಪಟ್ಟಣದ ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಗಂಡಾಳಿನ ಹೆಸರಿಗೆ ರೂಮು ಕೊಡುವುದು ತೋಟದ ಪದ್ಧತಿಯಾದ್ದರಿಂದ, ಅವನು ಸತ್ತ ದಿನದಿಂದ ಆಕೆ ಆ ರೂಮಿನಲ್ಲಿ ಉಳಿದದ್ದು ಹಳೆಯ ಮೇಸ್ತ್ರಿಯ ದಯೆಯಿಂದ. ಮುತ್ತುವಿಗೆ ಆ ರೂಮು ತನ್ನ ಹೆಂಡತಿಯ ತಮ್ಮನಿಗೆ ಬೇಕಿತ್ತು. ಪಿಕ್ಕಿಂಗ್ ಆದ ಕೂಡಲೇ ಖಾಲಿ ಮಾಡಬೇಕೆಂದು ಅವನು ಬಾಗಿಲಿಗೇ ಬಂದು ಹೇಳಿ ಹೋಗಿದ್ದ. ರೂಮು ಹೋದರೆ ಕೆಲಸವೂ ಹೋದ ಹಾಗೆ. ಊರಿನಲ್ಲಿ ಅಣ್ಣನ ಮನೆಯ ಬಾಗಿಲು ಎಂದೋ ಮುಚ್ಚಿತ್ತು. ಹೊಸ ಸಂವಿಧಾನ ಆಕೆಯನ್ನು ಒಬ್ಬ ಪೂರ್ತಿ ಪ್ರಜೆಯೆಂದು ಗುರುತಿಸಿ ಓಟು ಕೊಟ್ಟಿದ್ದರೆ, ನಮ್ಮ ತೋಟ ಆಕೆಯನ್ನು ಸತ್ತವನ ಹಿಂದೆ ಉಳಿದ ಸಾಮಾನೆಂದು ಗುರುತಿಸಿತ್ತು.

ಓಟಿನ ದಿನ ಏಣಿಯವರ ಲಾರಿ ಲೈನಿನ ಬಾಗಿಲಿಗೇ ಬಂತು. ಹೆಂಗಸರು ಮದುವೆಗೆ ಹೊರಟಷ್ಟು ಸಡಗರದಿಂದ ಪೆಟ್ಟಿಗೆಯ ತಳದ ಸೀರೆ ತೆಗೆದು ಉಟ್ಟಿದ್ದರು. ಆಗಿನ ಓಟು ಹೇಗಿತ್ತೆಂದು ಮರೆತವರಿಗಾಗಿ ಹೇಳುತ್ತೇನೆ. ಚೀಟಿಯ ಮೇಲೆ ಗುರುತು ಹಾಕುವ ತಾಪತ್ರಯವೇ ಇರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬ, ಡಬ್ಬದ ಮೇಲೆ ಅವನ ಗುರುತು. ಬೆರಳಿಗೆ ಮಸಿ ಹಚ್ಚಿಸಿಕೊಂಡು, ಚೀಟಿ ಹಿಡಿದು ಪರದೆಯ ಹಿಂದೆ ಹೋಗಿ, ಬೇಕಾದವನ ಡಬ್ಬಕ್ಕೆ ಹಾಕಿ ಬಂದರೆ ಆಯಿತು. ಸಿದ್ದಾಪುರದ ಶಾಲೆಯಲ್ಲಿ ಎಲ್ಲರೂ ಹಾಗೆ ಹೋದರು, ಹಾಗೆ ಬಂದರು. ಚೌಡಮ್ಮ ಮಾತ್ರ ಪರದೆಯ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ. ಒಳಗಿದ್ದ ಅಧಿಕಾರಿ ಕೆಮ್ಮಿದ್ದು ನಮಗೆ ಅಂಗಳಕ್ಕೆ ಕೇಳಿಸಿತು.

ಹೋಗುವಾಗ ಲಾರಿ, ಬರುವಾಗ ಕಾಲು. ಓಟು ಡಬ್ಬಕ್ಕೆ ಬಿದ್ದ ಮೇಲೆ ಲಾರಿಗೆ ಬೇರೆ ಲೈನಿನ ಕೆಲಸವಿತ್ತು. ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ಇಡೀ ವ್ಯವಸ್ಥೆಯ ಸಾರವನ್ನು ಒಂದೇ ದಿನದಲ್ಲಿ ಇಷ್ಟು ಸರಳವಾಗಿ ತಿಳಿಸಿಕೊಟ್ಟ ಆ ಲಾರಿಯ ಡ್ರೈವರಿಗೆ ನಾನು ಮನಸ್ಸಿನಲ್ಲೇ ವಂದಿಸಿದೆ. ಬಿಸಿಲಲ್ಲಿ, ಮದುವೆಯ ಸೀರೆಗಳ ಅಂಚು ಎತ್ತಿ ಸಿಕ್ಕಿಸಿಕೊಂಡು, ಎಲ್ಲರೂ ತೋಟದ ಕಡೆಗೆ ಹೆಜ್ಜೆ ಹಾಕತೊಡಗಿದಾಗ ಚೌಡಮ್ಮ ನನ್ನ ಪಕ್ಕಕ್ಕೆ ಬಂದಳು.

"ರೈಟ್ರೇ, ಮೇಸ್ತ್ರಿ ಡಬ್ಬ ಎಲ್ಲಿತ್ತು?"

ನನಗೆ ಅರ್ಥವಾಗಲಿಲ್ಲ. ಆಕೆ ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ ಓಟಿನ ಚೀಟಿಯನ್ನು ನನ್ನ ಮುಂದೆ ಹಿಡಿದಳು. "ಎಲ್ಲಾ ಡಬ್ಬನೂ ತಿರುಗ್ಸಿ ತಿರುಗ್ಸಿ ನೋಡ್ದೆ. ಏಣಿ ಅದೆ, ತಕ್ಕಡಿ ಅದೆ. ಮುತ್ತುಂದೂ ಇಲ್ಲ, ನಮ್ ಲೈನಿನ ಕೆಂಪಯ್ಯಂದೂ ಇಲ್ಲ. ಇನ್ನೇನ್ಮಾಡದು, ವಾಪಸ್ ತಂದ್ಬುಟ್ಟೆ."

ಓಟಿನ ಚೀಟಿಯನ್ನು ಹೊರಗೆ ತರುವುದು ಅಪರಾಧ. ನಾನು ಹಿಂದೆ ಮುಂದೆ ನೋಡಿ, ಮೊದಲು ಅದನ್ನು ಒಳಗಿಡು ತಾಯಿ ಎಂದೆ. ಆಮೇಲೆ, ಇದು ಮಡಿಕೇರಿಗೆ ಹೋಗುವವರನ್ನು ಆರಿಸುವ ಓಟು, ಮೇಸ್ತ್ರಿಯನ್ನು ಆರಿಸುವುದಲ್ಲ ಎಂದು ವಿವರಿಸಿದೆ. ಆಕೆ ಚೀಟಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.

"ಆ ಮಡಿಕೇರಿಯೋರು ನನ್ ರೂಮಿಗೆ ಬಂದು ಪಾತ್ರೆಪಗಡ ಎತ್ತಿ ಆಚೆಗೆ ಹಾಕ್ತಾರಾ?"

"ಇಲ್ಲಪ್ಪ, ಅವರ್ಯಾಕೆ ಹಾಕ್ತಾರೆ?"

"ಮತ್ತೆ ಅವ್ರನ್ನ ಆರ್ಸಿ ನಾನೇನ್ಮಾಡ್ಲಿ? ಎತ್ತಾಕೋನ್ನ ತಾನೇ ಆರಿಸ್ಬೇಕಾದ್ದು?"

ನನ್ನ ಹಾಸಿಗೆಯ ಕೆಳಗೆ ಇದಕ್ಕೆ ಉತ್ತರವಿದ್ದ ಪುಸ್ತಕಗಳೇ ಇದ್ದವು. ಓಟೇ ಒಂದು ಮೋಸ ಎಂದು ಹೇಳಿಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಆಕೆ ಓಟನ್ನು ಬೈಯುತ್ತಿರಲಿಲ್ಲ. ಓಟು ಅರ್ಧಕ್ಕೇ ನಿಂತುಹೋಯಿತಲ್ಲಾ ಎಂದು ಕೇಳುತ್ತಿದ್ದಳು. ಅದು ಬೇರೆಯೇ ತರಹದ ತಕರಾರು; ಕೆಂಪು ರಟ್ಟಿನವರಿಗೂ ಬಿಳಿ ಟೊಪ್ಪಿಯವರಿಗೂ ಏಕಕಾಲಕ್ಕೆ ಇರುಸುಮುರುಸಾಗುವಂಥದು. ನಾನು, "ಸಾಹುಕಾರರನ್ನೇ ಕೇಳು ಚೌಡಮ್ಮ, ಭಾಷಣ ಮಾಡಿದವರು ಅವರು" ಎಂದೆ. ಕಿಡಿಗೇಡಿತನದಿಂದಲೇ ಹೇಳಿದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ಇವತ್ತಿಗೂ ನನಗೆ ಖುಷಿ ಕೊಡುವುದು ಅದೊಂದೇ.

ಮರುದಿನ ಬೆಳಿಗ್ಗೆ ಮಸ್ಟರಿಗೆ ಬಂದ ಹೆಂಗಸರು ಬುಟ್ಟಿ ಹಿಡಿದು ಸಾಲಿಗೆ ಹೋಗುವ ಬದಲು ಕಣದಲ್ಲೇ ಕೂತರು. ಸಾಹುಕಾರರು ಬಂಗಲೆಯ ಜಗಲಿಯಲ್ಲಿ ಭಾವನ ಜೊತೆ ಕಾಫಿ ಕುಡಿಯುತ್ತಿದ್ದರು. ಚೌಡಮ್ಮ ಮೆಟ್ಟಿಲ ಬುಡಕ್ಕೆ ಹೋಗಿ ಕೈಮುಗಿದು, ನೀವು ಹೇಳಿದ ಹಾಗೆ ಮೇಸ್ತ್ರಿಯನ್ನೂ ಆರಿಸಿಕೊಂಡುಬಿಡುತ್ತೇವೆ, ಅಪ್ಪಣೆಯಾಗಬೇಕು ಎಂದಳು. ಸಾಹುಕಾರರು ಹುಬ್ಬು ಗಂಟಿಕ್ಕಿದರು. ಭಾವನಿಗೆ ಮಾತ್ರ ಇದು ಅಮೃತದಂತೆ ಕಂಡಿತು. ಜನತೆಯಲ್ಲಿ ಎಂಥ ಜಾಗೃತಿ ಎಂದು ಅವರು ಉದ್ಗರಿಸಿದರು. ಆರಿಸಲಿ ಬಿಡಿ, ಮುತ್ತು ಹೇಗೂ ಗೆಲ್ಲುತ್ತಾನೆ ಎಂದೂ ಮೆಲ್ಲಗೆ ಸೇರಿಸಿದರು. ಭಾವನ ಮುಂದೆ ತಾವು ಹಿಂದುಳಿದವರಾಗಬಾರದೆಂದು ಸಾಹುಕಾರರು, "ಆಯ್ತು, ಬೇಗ ಮುಗಿಸಿ" ಎಂದರು.

ಹಾಗೆ ನಮ್ಮ ತೋಟದಲ್ಲಿ ಚುನಾವಣೆ ನಡೆಯಿತು. ಕಾಫಿಗೆ ಹೊದಿಸುವ ಗೋಣಿತಾಟನ್ನು ಎರಡು ಕಂಬಗಳ ನಡುವೆ ಕಟ್ಟಿ ಪರದೆ ಮಾಡಿದರು. ಅದರ ಹಿಂದೆ ಎರಡು ಪಿಕ್ಕಿಂಗ್ ಬುಟ್ಟಿ. ಒಂದಕ್ಕೆ ಮುತ್ತುವಿನ ಕೊಡೆ ಒರಗಿಸಿದ್ದರು, ಇನ್ನೊಂದಕ್ಕೆ ಕೆಂಪಯ್ಯನ ಕಂಬಳಿ. ಕೆಂಪಯ್ಯ ನಡುವಯಸ್ಸಿನ ಸಾಧು ಮನುಷ್ಯ. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಮೇಸ್ತ್ರಿಯಾದರೆ ತನ್ನ ರೂಮಿನ ಸುದ್ದಿಗೆ ಬರುವುದಿಲ್ಲವೆಂಬ ಒಂದೇ ನಂಬಿಕೆಯಿಂದ ಚೌಡಮ್ಮ ರಾತ್ರಿಯೇ ಲೈನಿನ ಬಾಗಿಲು ಬಾಗಿಲಿಗೆ ಹೋಗಿ ಅವನ ಪರವಾಗಿ ಹೇಳಿ ಬಂದಿದ್ದಳಂತೆ. ಚೀಟಿಯ ಬದಲು ಒಬ್ಬೊಬ್ಬರಿಗೆ ಒಂದೊಂದು ಕಾಫಿ ಹಣ್ಣು. ಬೆರಳಿನಲ್ಲಿ ಹಿಂದಿನ ದಿನದ ಮಸಿ ಹಾಗೇ ಇದ್ದುದರಿಂದ, ಇವರು ಆಗಲೇ ಓಟು ಮಾಡಿದವರೆಂದು ಮುತ್ತು ತಕರಾರು ಎತ್ತಿದ. ಅದನ್ನು ಭಾವನವರೇ ತಳ್ಳಿಹಾಕಿದರು.

ಬುಟ್ಟಿಗಳನ್ನು ಹೊರಗೆ ತಂದಾಗ ಎಣಿಸುವ ಅಗತ್ಯ ಕಾಣಲಿಲ್ಲ. ಮುತ್ತುವಿನ ಬುಟ್ಟಿಯ ತಳದ ಬೆತ್ತದ ಹೆಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ತನ್ನ ಹಣ್ಣುಗಳನ್ನು ಎಣಿಸಿಕೊಂಡು, ತನ್ನ ಮನೆಯವರ ತಲೆಗಳನ್ನೂ ಎಣಿಸಿಕೊಂಡು, ಎರಡೂ ತಾಳೆಯಾಗದೆ ಹೆಂಡತಿಯ ಕಡೆಗೆ ತಿರುಗಿ ನೋಡಿದ. ಆಕೆ ಸಿಲ್ವರ್ ಮರದ ಮೇಲಿನ ಹಕ್ಕಿಯನ್ನು ನೋಡುತ್ತಿದ್ದಳು.

ಸಾಹುಕಾರರು ಎದ್ದು ನಿಂತರು. "ಸರಿ, ಆಟ ಮುಗೀತಲ್ಲ, ಇನ್ನು ಕೆಲಸಕ್ಕೆ ನಡೀರಿ. ಮುತ್ತೂ, ಸಾಲು ಹಂಚು."

"ಸಾವ್ಕಾರ್ರೇ, ಗೆದ್ದೋನು ಕೆಂಪಯ್ಯ ಅಲ್ವರಾ?" ಎಂದಳು ಚೌಡಮ್ಮ. "ನೀವೇ ಪೆಟ್ಗೆ ಮ್ಯಾಲೆ ನಿಂತ್ಕಂಡು ಯೋಳಿದ್ರಲ್ಲ, ಬ್ಯಾಡಾದೋನು ಕೂರಂಗಿಲ್ಲ ಅಂತ."

"ಎಂತ ಮಾರಾಯ್ತಿ ನೀನು! ಅದು ರಾಜ್ಯ, ಇದು ತೋಟ."

ಮಿತ್ರರೇ, ನಾನು ಆಮೇಲೆ ರಾಜ್ಯಶಾಸ್ತ್ರದ ದಪ್ಪ ದಪ್ಪ ಪುಸ್ತಕಗಳನ್ನು ತರಿಸಿ ಓದಿದ್ದೇನೆ. ಸ್ವಾತಂತ್ರ್ಯ, ಸಮಾನತೆ, ಸಾರ್ವಭೌಮತ್ವ ಮೊದಲಾದ ಘನವಾದ ಪದಗಳ ನಡುವೆ ಅಲೆದಾಡಿದ್ದೇನೆ. ಅವುಗಳನ್ನೆಲ್ಲ ಭಟ್ಟಿ ಇಳಿಸಿದರೆ ಕೊನೆಗೆ ಉಳಿಯುವುದು ನಮ್ಮ ಸಾಹುಕಾರರ ಈ ಒಂದು ವಾಕ್ಯ. ಅದು ರಾಜ್ಯ, ಇದು ತೋಟ. ರಾಜ್ಯದಲ್ಲಿ ನೀನು ಪ್ರಭು. ಅಲ್ಲಿ ನಿನಗೆ ವರ್ಷಗಳಿಗೊಮ್ಮೆ ಒಂದು ಗಳಿಗೆಯ ಕೆಲಸ. ತೋಟದಲ್ಲಿ ನೀನು ಆಳು. ಅಲ್ಲಿ ನಿನಗೆ ಬೆಳಗಿನಿಂದ ಸಂಜೆಯವರೆಗೆ ದಿನಾಲೂ ಕೆಲಸ. ಗಿರಣಿ, ಅಂಗಡಿ, ಕಚೇರಿ, ಅಡಿಗೆಮನೆ, ಎಲ್ಲ ಬಾಗಿಲಲ್ಲೂ ಪ್ರಜಾಪ್ರಭುತ್ವ ಚಪ್ಪಲಿಯ ಜೊತೆ ಹೊರಗೇ ನಿಲ್ಲಬೇಕು. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ; ಸಾಹುಕಾರರು ಸಿಟ್ಟಿನಲ್ಲಿ ಹೇಳಿಬಿಟ್ಟರು. ಅಷ್ಟರಮಟ್ಟಿಗೆ ಅವರು ಪ್ರಾಮಾಣಿಕರು. ಭಾವನವರು ಇಷ್ಟು ಹೊತ್ತಿಗೆ ಗಡಿಯಾರ ನೋಡಿಕೊಂಡು, ಹುದಿಕೇರಿಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಜೀಪು ಹತ್ತಿದರು. ಜೀಪಿನಿಂದಲೂ ಅವರು ಎಲ್ಲರಿಗೂ ಕೈಮುಗಿದರು. ಉಮೇದುವಾರರ ಕೈಗಳು ಚುನಾವಣೆಯ ವೇಳೆ ಅದೆಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತವೆಂದರೆ, ಬೇರೆ ಯಾವ ಕೆಲಸಕ್ಕೂ ಅವುಗಳನ್ನು ಬಿಡಿಸಲು ಬರುವುದಿಲ್ಲ.

ಮುತ್ತು ಸಾಲು ಹಂಚಲು ಹೊರಟ. ಯಾರೂ ಏಳಲಿಲ್ಲ. ಕೂಗಲಿಲ್ಲ, ಕಿರುಚಲಿಲ್ಲ, ಚೌಡಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು, ಪಕ್ಕದವಳು ಸುಣ್ಣ ಕೇಳಿದಳು, ಅಷ್ಟೆ. ಹಾಜರಿ ಕರೆ ಎಂದು ಸಾಹುಕಾರರು ನನಗೆ ಅಪ್ಪಣೆ ಮಾಡಿದರು. ನನ್ನ ನೌಕರಿಯಲ್ಲೇ ನಾನು ಅಷ್ಟು ಸ್ಫುಟವಾಗಿ, ಅಷ್ಟು ಭಾವಪೂರ್ಣವಾಗಿ ಹಾಜರಿ ಕರೆದದ್ದಿಲ್ಲ. ಒಂದೊಂದು ಹೆಸರಿನ ಮುಂದೆಯೂ ಕಾದೆ. ಯಾರೂ ಓಗೊಡಲಿಲ್ಲ. ಬೇಕಾದರೆ ಇನ್ನೊಮ್ಮೆ ಕರೆಯುತ್ತೇನೆ ಎಂದು ನಾನು ವಿನಯದಿಂದ ಹೇಳಿದಾಗ ಸಾಹುಕಾರರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಬಿಸಿಲೇರಿತು. ಕಣದ ಪಕ್ಕದ ಗಿಡಗಳಿಂದ ಹಣ್ಣು ಒಂದೊಂದಾಗಿ ತರಗಿನ ಮೇಲೆ ಬೀಳುವ ಸದ್ದು ಕೇಳಿಸುತ್ತಿತ್ತು. ಸಾಹುಕಾರರಿಗೂ ಕೇಳಿಸುತ್ತಿತ್ತು. ಅವರು ಒಳಗೆ ಹೋದರು, ಹೊರಗೆ ಬಂದರು, ಎಲ್ಲರನ್ನೂ ತೋಟದಿಂದ ಓಡಿಸುತ್ತೇನೆ ಎಂದರು, ಓಡಿಸಿದರೆ ಈ ವೇಳೆಯಲ್ಲಿ ಬೇರೆ ಆಳು ಎಲ್ಲಿಂದ ತರುವುದೆಂದು ತಾವೇ ಯೋಚಿಸಿ ಸುಮ್ಮನಾದರು. ಊಟದ ಹೊತ್ತು ಕಳೆದ ಮೇಲೆ ಜಗಲಿಯಿಂದಲೇ, ಕೆಂಪಯ್ಯನೇ ಮೇಸ್ತ್ರಿಯಾಗಲಿ, ಮುತ್ತು ಕಣ ನೋಡಿಕೊಳ್ಳಲಿ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಹೆಂಗಸರು ಎದ್ದು ಸೀರೆ ಕೊಡವಿ ಸಾಲಿಗೆ ನಡೆದರು. ಚೌಡಮ್ಮ ಆ ಸಂಜೆ ತನ್ನ ರೂಮಿನ ಮುಂದೆ ನೆಲ ಅಗೆದು ಹೀರೆಬೀಜ ಊರಿದಳು. ಆಕೆಯನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಬಳ್ಳಿ ಹಬ್ಬಿ ಕಾಯಿ ಬಿಡುವವರೆಗೂ ಇಲ್ಲೇ ಇರುತ್ತೇನೆಂಬ ಧೈರ್ಯ ಇಲ್ಲದವರು ಬೀಜ ಊರುವುದಿಲ್ಲ.

ಆ ರಾತ್ರಿ ನಾನು ಬಹಳ ಹೊತ್ತು ಒಂದು ಪ್ರಶ್ನೆಯನ್ನು ಹೊರಳಿಸುತ್ತಿದ್ದೆ. ಕೆಂಪಯ್ಯ ಮೇಸ್ತ್ರಿಯಾದದ್ದು ಬುಟ್ಟಿಗೆ ಹಣ್ಣು ಹಾಕಿದ್ದರಿಂದಲೋ, ಗಿಡದ ಹಣ್ಣು ಕೀಳದೆ ಇದ್ದುದರಿಂದಲೋ? ಹಾಕಿದ ಹಣ್ಣನ್ನು ಸಾಹುಕಾರರು ಆಟ ಎಂದರು. ಕೀಳದ ಹಣ್ಣನ್ನು ಆಟ ಎನ್ನಲು ಅವರಿಗೆ ಆಗಲಿಲ್ಲ. ನನ್ನ ಹೊತ್ತಗೆಗಳು ಗೆದ್ದವೆಂದು ಬೀಗಿಕೊಂಡು ಮಲಗಿದೆ. ಕ್ರಾಂತಿ ಸಿದ್ದಾಪುರದವರೆಗೂ ಬಂದಿದೆ, ಇನ್ನು ವಿರಾಜಪೇಟೆಯೊಂದು ಬಾಕಿ ಎಂದೇ ನನಗೆ ಅನಿಸಿತ್ತು.

ನನ್ನ ಗೆಲುವು ಹೂಮಳೆಯವರೆಗೆ ಬಾಳಿತು. ಮೇಸ್ತ್ರಿಯಾದ ಕೆಂಪಯ್ಯ ಮೊದಲು ಕಂಬಳಿ ಬಿಟ್ಟು ಕೋಟು ಹಾಕಿದ. ಕೋಟು ಬಂದ ಮೇಲೆ ಸೀಟಿ ಬಂತು. ಸೀಟಿ ಬಂದ ಮೇಲೆ ದನಿಯೂ ಬಂತು. ಆ ಸಾಧು ಮನುಷ್ಯನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇಷ್ಟು ಕಾಲ ಎಲ್ಲಿ ಅಡಗಿತ್ತೋ ಕಾಣೆ. ಹೂಮಳೆ ಬಿದ್ದು ತೋಟವೆಲ್ಲ ಬಿಳಿಯ ಹೂವಾಗಿ ಘಮಘಮಿಸುತ್ತಿದ್ದ ದಿನಗಳಲ್ಲಿ ಅವನ ತಮ್ಮನಿಗೆ ಮದುವೆ ಗೊತ್ತಾಯಿತು. ಹೊಸ ದಂಪತಿಗೆ ಒಂದು ರೂಮು ಬೇಕಾಯಿತು. ಅವನು ಚೌಡಮ್ಮನ ಬಾಗಿಲಿಗೆ ಬಂದು, ಕೋಟಿನ ಗುಂಡಿ ತಿರುವುತ್ತಾ, ಅಕ್ಕ ಬೇಜಾರು ಮಾಡಿಕೊಳ್ಳಬಾರದು, ಒಬ್ಬಳಿಗೆ ಒಂದು ರೂಮು ಎಂದರೆ ಹೆಚ್ಚಾಯಿತು ಎಂದ.

ನಾನು ಆಗ ಅಲ್ಲೇ ಇದ್ದೆ. ಚೌಡಮ್ಮನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕಂಡದ್ದು ಸಂಕಟ. ಮುತ್ತು ಕೇಳಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ. ಇವನಿಗಾಗಿ ಆಕೆ ಬಾಗಿಲು ಬಾಗಿಲು ತಿರುಗಿದ್ದಳು.

"ಯಾರ ಓಟ್ನಲ್ಲಿ ಮೇಸ್ತ್ರಿ ಆದೆ ಕೆಂಪಯ್ಯ?"

"ಅದ್ನೇ ನಾನೂ ಯೋಳದು ಅಕ್ಕ. ನನ್ನಿಷ್ಟಕ್ಕೆ ಕೇಳ್ತಿಲ್ಲ. ಜನ ಆರಿಸವ್ರೆ ನನ್ನ. ನಾನು ಯೋಳಿದ್ದು ಅಂದ್ರೆ ಜನ ಯೋಳ್ದಂಗೆ. ಮಡಿಕೇರೀಲಿ ಗೆದ್ದೋರೂ ಹಂಗೇ ಅಲ್ವಾ? ಐದು ವರ್ಸ ಯಾರೂ ಕೇಳಂಗಿಲ್ಲ."

ಇಂಥ ಸಂವಿಧಾನ ಪಾಂಡಿತ್ಯ ಇವನಿಗೆ ಯಾರು ಕಲಿಸಿದರೋ ಎಂದು ನಾನು ಬೆರಗಾದೆ. ಯಾರೂ ಕಲಿಸಬೇಕಾಗಿಲ್ಲ; ಕೋಟಿನ ಜೇಬಿನಲ್ಲೇ ಅದು ಇರುತ್ತದೆ. ಚೌಡಮ್ಮ ಕದ ಎಳೆದುಕೊಂಡು, "ಕೊಳೆತ ಹಣ್ಣ ಬುಟ್ಟಿಯಿಂದ ತಗ್ದಾಕಕ್ಕೆ ಐದು ವರ್ಸ ಕಾಯ್ತಾರೇನಪ್ಪ?" ಎಂದು ಕೇಳಿ ಒಳಗೆ ಹೋದಳು.

ಮರುದಿನ ಮಸ್ಟರಿಗೆ ಆಕೆ ಬಂದದ್ದು ಖಾಲಿ ಬುಟ್ಟಿಯೊಂದಿಗೆ. ಅದನ್ನು ಕಣದ ನಡುವೆ, ಕೆಂಪಯ್ಯನ ಕಾಲ ಬುಡದಲ್ಲಿ ಇಟ್ಟಳು. ಈ ಸಲ ಪರದೆಯಿಲ್ಲ, ಸಾಹುಕಾರರ ಅಪ್ಪಣೆಯಿಲ್ಲ, ಎದುರಾಳಿಯೂ ಇಲ್ಲ. ಇವನು ಬೇಡ ಅನ್ನುವವರು ಬುಟ್ಟಿಗೆ ಹಾಕಲಿ ಎಂದಷ್ಟೇ ಹೇಳಿದಳು. ಗಿಡದಲ್ಲಿ ಹಣ್ಣು ಇರುವ ಕಾಲವಲ್ಲ. ಹೆಂಗಸರು ದಾರಿಯಲ್ಲೇ ಬೆಣಚುಕಲ್ಲು ಆರಿಸಿಕೊಂಡು ಬಂದಿದ್ದರು. ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಕಲ್ಲು. ಮುತ್ತುವಿನ ಹೆಂಡತಿಯ ಕೈಯಲ್ಲೂ ಇತ್ತು.

ಕೆಂಪಯ್ಯ ಬುಟ್ಟಿಯನ್ನು ನೋಡಿದ, ಕಲ್ಲುಗಳನ್ನು ನೋಡಿದ, ನನ್ನನ್ನು ನೋಡಿದ. ನಾನು ಹಕ್ಕಿ ನೋಡುವ ವಿದ್ಯೆಯನ್ನು ಅಷ್ಟರಲ್ಲಿ ಕಲಿತಿದ್ದೆ. ಅವನು ಸೀಟಿಯನ್ನು ಕೋಟಿನ ಒಳಗೆ ತಳ್ಳಿ, ಹಳೆಯ ಮೆಲುದನಿಯಲ್ಲಿ, "ಬುಡಕ್ಕಾ, ರೂಮು ನೀನೇ ಇಟ್ಕ. ನಾನೇ ಕೊಟ್ಟಿವ್ನಿ ಅಂದ್ಕ" ಎಂದ.

ಆಕೆ ಗೆದ್ದಳೆಂದು ನಾನು ಅಂದುಕೊಂಡೆ. ರೂಮು ಉಳಿಯಿತು, ಜಗಳ ತಪ್ಪಿತು, ಇನ್ನು ಎಲ್ಲರೂ ಕೆಲಸಕ್ಕೆ ಹೋಗಬಹುದು.

"ಕೊಡಾಕೆ ಅದೇನು ನಿಂದಾ?" ಎಂದಳು ಚೌಡಮ್ಮ. ತನ್ನ ಕಲ್ಲನ್ನು ಬುಟ್ಟಿಗೆ ಹಾಕಿ ಪಕ್ಕಕ್ಕೆ ಸರಿದು, ಹಿಂದಿನವಳಿಗೆ ಜಾಗ ಬಿಟ್ಟಳು.